ಹದಿನಾಲ್ಕನೆಯ ಸ್ಲೈಡು

ಹೋದ ತಿಂಗಳು ಹಳಿಯಾಳದ ಒಂದು ಶಾಲೆಯವರು ನನ್ನನ್ನು ಅತಿಥಿಯೆಂದು ಕರೆದಿದ್ದರು. ತರಗತಿಗೆ ಹೊಸ ಬೋರ್ಡು ಬಂದಿತ್ತು. ಬೆರಳು ತಾಗಿಸಿದರೆ ಚಿತ್ರ, ಒತ್ತಿದರೆ ಹಾಡು. ಅದರ ರಿಬ್ಬನ್ ಕತ್ತರಿಸಲು ನಿವೃತ್ತಳಾದ ಇಂಗ್ಲಿಷ್ ಟೀಚರ್ ಒಬ್ಬಳು ಬೇಕಾಗಿತ್ತು, ನಾನು ಸಿಕ್ಕಿದ್ದೆ. ರಿಬ್ಬನ್ ಕತ್ತರಿಸಿದ್ದಾಯಿತು, ಬೋರ್ಡು ಮಾತ್ರ ಚಾಲೂ ಆಗಲಿಲ್ಲ. ಮರ್ಯಾದೆ ಉಳಿಸಿಕೊಳ್ಳಲು ಯಾರೋ ಓಡಿ ಹೋಗಿ ಕಪಾಟಿನಲ್ಲಿ ಬಿದ್ದಿದ್ದ ಹಳೆಯ ಪ್ರೊಜೆಕ್ಟರ್ ತಂದು ಹಚ್ಚಿದರು. ಎರಡು ನಿಮಿಷಕ್ಕೆ ಅದರ ದೀಪ ಕಾದು, ಒಳಗೆ ಕೂತಿದ್ದ ಧೂಳು ಸುಡುವ ವಾಸನೆ ಬಂತು. ನಾನು ಎದ್ದು ಹೊರಗೆ ಬಂದುಬಿಟ್ಟೆ. ಬಿ.ಪಿ. ಇರಬೇಕೆಂದು ಅವರು ಪಾಪ ನೀರು ಕೊಟ್ಟರು, ವರಾಂಡದಲ್ಲಿ ಕುರ್ಚಿ ಹಾಕಿದರು. ಬಿ.ಪಿ. ಏನೂ ಇರಲಿಲ್ಲ. ಆ ವಾಸನೆಯಲ್ಲಿ ನನ್ನದೊಂದು ವರ್ಷ ಇದೆ, ಅದನ್ನು ಇಷ್ಟು ದಿನ ನಾನು ಯಾರಿಗೂ ಹೇಳಿರಲಿಲ್ಲ.

ಎರಡು ಸಾವಿರದ ಇಸವಿ ಕಳೆದು ಮೂರೋ ನಾಲ್ಕೋ ವರ್ಷವಾಗಿತ್ತು. ಹಳಿಯಾಳ ತಾಲೂಕಿನ ಒಂದು ಪ್ರೌಢಶಾಲೆ. ಊರಿನ ಹೆಸರು ಬರೆಯುವುದಿಲ್ಲ, ಆ ಊರು ನನಗೆ ಏನೂ ಕೆಟ್ಟದ್ದು ಮಾಡಿಲ್ಲ. ಗಂಡ, ಮಗಳು ಧಾರವಾಡದಲ್ಲಿ. ನಾನು ಮಾತ್ರ ಇಲ್ಲಿ ಒಂದು ಬಾಡಿಗೆ ಕೋಣೆ ಹಿಡಿದು, ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ, ಸೋಮವಾರ ಬೆಳಿಗ್ಗೆ ಮುಖ ಗಂಟು ಹಾಕಿಕೊಂಡು ವಾಪಸು ಬರುತ್ತಿದ್ದೆ. ಆ ಗಂಟು ಬಿಚ್ಚುವಷ್ಟರಲ್ಲಿ ಮತ್ತೆ ಶನಿವಾರ ಬರುತ್ತಿತ್ತು. ಆ ಕಡೆ ಹೆಣ್ಣು ಮಾಸ್ತರಿಗೆ ಬಾಯಾರು ಎನ್ನುತ್ತಾರೆ. ‘ಇಂಗ್ಲೀಷ ಬಾಯಾರು’ ಎಂದರೆ ಮಕ್ಕಳು ಗೋಡೆಗೆ ಒತ್ತಿ ನಿಲ್ಲುತ್ತಿದ್ದರು. ನಾನು ಯಾರನ್ನೂ ಹೊಡೆದವಳಲ್ಲ. ನನ್ನ ಬಾಯಿಯೇ ಸಾಕಾಗಿತ್ತು, ಕೋಲು ಬೇಕಾಗಿರಲಿಲ್ಲ.

ಆ ಮಕ್ಕಳ ಸ್ಥಿತಿಯಾದರೂ ಏನು? ಒಬ್ಬರ ಮನೆಯಲ್ಲಿ ಮರಾಠಿ, ಇನ್ನೊಬ್ಬರಲ್ಲಿ ಕೊಂಕಣಿ, ಮತ್ತೊಬ್ಬರಲ್ಲಿ ಉರ್ದು. ಕನ್ನಡವೇ ಶಾಲೆಗೆ ಬಂದು ಕಲಿತ ಭಾಷೆ. ಅದರ ಮೇಲೆ ಇಂಗ್ಲಿಷ್. ಇಂಗ್ಲಿಷ್ ಮಾತಾಡುವ ಮನುಷ್ಯನನ್ನು ಅವರು ಕಂಡಿರಲಿಲ್ಲ, ನನ್ನನ್ನು ಬಿಟ್ಟರೆ. ನನ್ನದೂ ಧಾರವಾಡದ ಇಂಗ್ಲಿಷ್, ಪ್ರತಿ ಶಬ್ದದ ಕೊನೆಗೆ ಒಂದು ಉಕಾರದ ಬಾಲ ಇದ್ದದ್ದೇ.

ಆ ಜೂನಿನಲ್ಲಿ ಶಾಲೆಗೆ ಪ್ರೊಜೆಕ್ಟರಿನ ಸಮೇತ ಕಂಪ್ಯೂಟರ್ ಬಂತು. ಹೆಡ್ ಮಾಸ್ತರು ಅದಕ್ಕೆ ಮಾಲೆ ಹಾಕಿಸಿ, ಕಾಯಿ ಒಡೆಸಿ, ಕೋಣೆಗೆ ಬೀಗ ಜಡಿದರು. ಮಳೆಗೆ ಒಂಬತ್ತನೆಯ ತರಗತಿಯ ಹಂಚು ಸೋರಿ ಮಕ್ಕಳು ಬೆಂಚು ಎತ್ತಿಕೊಂಡು ಕೋಣೆಯ ತುಂಬ ತಿರುಗುತ್ತಿದ್ದವು. ಕಂಪ್ಯೂಟರಿಗೆ ಮಾತ್ರ ಎರಡು ಪದರು ಪ್ಲಾಸ್ಟಿಕ್ ಹೊದಿಕೆ. ಧಾರವಾಡದಲ್ಲಿ ಹತ್ತು ದಿನದ ತರಬೇತಿ ಮುಗಿಸಿ ಬಂದವಳು ನಾನೊಬ್ಬಳೇ ಆದ್ದರಿಂದ ಬೀಗದ ಕೈ ನನ್ನ ಸೆರಗಿಗೆ ಬಂತು. ಸ್ಲೈಡು ಮಾಡುವುದನ್ನು ಕಲಿತಿದ್ದೆ. ಅಕ್ಷರಗಳು ಹಾರಿ ಬಂದು ಕೂರುವುದು, ಕಪ್ಪೆ ಕುಪ್ಪಳಿಸುವುದು, ಸರಿಯುತ್ತರಕ್ಕೆ ಚಪ್ಪಾಳೆ, ತಪ್ಪಿಗೆ ಗಾಜು ಒಡೆಯುವ ಸದ್ದು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ಹಾಜರಿ ಕರೆಯುವುದಕ್ಕೂ ಸ್ಲೈಡು ಮಾಡಿದೆ. ಹುಬ್ಬಳ್ಳಿಯಿಂದ ಒಂದು ಸಿ.ಡಿ. ತಂದೆ, ಅದರಲ್ಲಿ ಇಂಗ್ಲೆಂಡಿನ ಒಬ್ಬ ಹೆಂಗಸು ಒಂದೊಂದೇ ಶಬ್ದವನ್ನು ಕತ್ತರಿಸಿಟ್ಟಂತೆ ಹೇಳುತ್ತಿದ್ದಳು. ಆ ದನಿ ಬಂದಾಗ ಮಕ್ಕಳು ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ನನಗೆ ಆ ಹೆಂಗಸಿನ ಮೇಲೆ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು.

ಹತ್ತನೆಯ ತರಗತಿಯಲ್ಲಿ ಸಗುಣಾ ಇದ್ದಳು. ಊರಿನಿಂದ ಒಂದು ಗಂಟೆ ನಡೆದರೆ ತೇಗದ ಕಾಡಿನಾಚೆ ಗೌಳಿವಾಡಾ, ಎಮ್ಮೆ ಸಾಕಿ ಹಾಲು ಮಾರುವ ಮರಾಠಿ ಮಾತಿನ ಜನ. ಅಲ್ಲಿಂದ ಹತ್ತನೆಯ ತರಗತಿಯ ಬೆಂಚಿಗೆ ಬಂದ ಮೊದಲ ಹುಡುಗಿ ಅವಳು. ದಿನವೂ ಬೆಳಿಗ್ಗೆ ಹಾಲಿನ ಕ್ಯಾನು ಹಿಡಿದು ಬಂದು, ನನ್ನ ಕೋಣೆಗೂ ಅರ್ಧ ಲೀಟರು ಹಾಕಿ, ಹೊಸ್ತಿಲಲ್ಲಿ ನಿಂತು ನಾನು ಹೇಳಿದ ಐದು ಶಬ್ದ ಒಪ್ಪಿಸಿ ಶಾಲೆಗೆ ಹೋಗುತ್ತಿದ್ದಳು. ಲೆಕ್ಕದಲ್ಲಿ ಚುರುಕು. ಇಂಗ್ಲಿಷ್ ಮಾತ್ರ ಅವಳಿಗೆ ಕಲ್ಲು ಹೊತ್ತಂತೆ, ಆದರೂ ಕೆಳಗಿಡುತ್ತಿರಲಿಲ್ಲ.

ಶಾಲೆ ಶುರುವಾದ ವಾರವೇ ಅವಳ ಅಪ್ಪ ವಿಠೂ ನನ್ನ ಕೋಣೆಯ ಮುಂದೆ ಬಂದು ನಿಂತ. ತಲೆಗೆ ಕೆಂಪು ಪಟಕಾ, ಹೆಗಲ ಮೇಲೆ ಕಂಬಳಿ, ಅದರಿಂದ ಮಳೆನೀರು ತೊಟ್ಟಿಕ್ಕುತ್ತಿತ್ತು.

“ಬಾಯಾರ, ಒಂದ ಮಾತ ಹೇಳಿ ಹೋಗ್ತೇನ್ರಿ. ನಮ್ಮ ಮಂದಿ ಹುಡಿಗ್ಯಾರನ್ನ ಇಷ್ಟ ದಿನ ಕೂಡ್ಸೂದಿಲ್ಲ. ನಾ ಜಗಳಾ ಮಾಡಿ ಒಂದ ವರ್ಷ ಇಸ್ಕೊಂಡೇನಿ. ಪಾಸಾದ್ಲಂದ್ರ ಆಕೀನ್ನ ನರ್ಸ್ ಟ್ರೇನಿಂಗಿಗೆ ಕಳಸ್ತೇನಿ, ಮಾತ ಕೊಟ್ಟೇನಿ ಆಕೀಗೆ. ನಾಪಾಸಾದ್ರ ನನ್ನ ಕೈಯಾಗ ಏನಿಲ್ಲ, ಮದಿವಿ ಮಾಡೂದ.”

“ಉಳದ ವಿಷಯ ಏನ ಚಿಂತಿ ಇಲ್ಲ ಬಿಡ್ರಿ ಆಕೀದು” ಎಂದೆ.

“ಅದಕ್ಕ ಬಂದೇನಿ. ಇಂಗ್ಲೀಷ ನಿಮ್ಮ ಕೈಯಾಗ ಐತಿ.”

“ನನ್ನ ಮ್ಯಾಲೆ ಬಿಡ್ರಿ” ಎಂದೆ. ಅವನು ಕೈಮುಗಿದು ಹೋದ.

ಮಾತು ಕೊಡುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವಳಲ್ಲ.

ಶ್ರಾವಣದಲ್ಲಿ ಸುದ್ದಿ ಬಂತು. ಭಾಷೆಯ ತರಗತಿಯಲ್ಲಿ ಕಂಪ್ಯೂಟರ್ ಬಳಸಿ ಪಾಠ ಮಾಡುವವರನ್ನು ನೋಡಲು ಧಾರವಾಡದಿಂದ ಸಾಹೇಬರೊಬ್ಬರು ಬರುತ್ತಾರೆ. ಪಾಠ ಮೆಚ್ಚಿದರೆ ಆ ಮಾಸ್ತರರನ್ನು ತರಬೇತಿ ಕೊಡಲು ಧಾರವಾಡಕ್ಕೇ ಕರೆಸಿಕೊಳ್ಳುತ್ತಾರೆ. ಧಾರವಾಡ ಎಂಬ ಶಬ್ದ ಕೇಳಿದ ಮೇಲೆ ನನಗೆ ಬೇರೆ ಏನೂ ಕೇಳಿಸಲಿಲ್ಲ. ಇಪ್ಪತ್ತು ಸ್ಲೈಡು ಮಾಡಿದೆ. ಮೊದಲ ಹದಿಮೂರರಲ್ಲಿ ಅಪ್ಪಣೆಗಳು: ಆ ಇಂಗ್ಲೆಂಡಿನ ಹೆಂಗಸು ‘ನಿಲ್ಲು’, ‘ನಡೆ’, ‘ಬಾಗಿಲು ತೆಗೆ’ ಎಂದು ಇಂಗ್ಲಿಷಿನಲ್ಲಿ ಹೇಳುವುದು, ಮಗು ಹಾಗೆಯೇ ಮಾಡುವುದು. ಹದಿನಾಲ್ಕನೆಯದರಿಂದ ವಾಹನಗಳ ಹೆಸರು, ಚಿತ್ರ ನೋಡಿ ಹೇಳುವುದು. ಅಪ್ಪಣೆಯ ಭಾಗಕ್ಕೆ ಸಗುಣಾಳನ್ನು ಆರಿಸಿದೆ. ಅವಳಷ್ಟು ಕಿವಿಗೊಟ್ಟು ಕೇಳುವವರು ತರಗತಿಯಲ್ಲಿ ಇರಲಿಲ್ಲ.

“ಆ ಬಾಯಿ ಏನ ಹೇಳ್ತಾಳ ಅಷ್ಟ ಮಾಡು. ವಿಚಾರ ಮಾಡಬ್ಯಾಡ, ಹೇಳಿದಂಗ ಮಾಡು” ಎಂದು ಎಂಟು ದಿನ ತಾಲೀಮು ಮಾಡಿಸಿದೆ. ಅಪ್ಪಣೆಗಳನ್ನಷ್ಟೇ ಮಾಡಿಸಿದ್ದು. ವಾಹನಗಳ ಭಾಗಕ್ಕೆ ಬೇರೆ ಮಕ್ಕಳಿದ್ದರು.

ಪಾಠದ ದಿನ ಬೆಳಗಿನಿಂದ ಜಡಿಮಳೆ, ಕರೆಂಟಿಲ್ಲ. ವರಾಂಡದಲ್ಲಿ ಬಾಡಿಗೆಯ ಜನರೇಟರ್ ಗುಡುಗುತ್ತಿತ್ತು. ಬೆಳಕು ಬಾರದಂತೆ ಕಿಟಕಿಗಳಿಗೆ ಗೋಣಿಚೀಲ ಕಟ್ಟಿಸಿದ್ದೆ. ಮುಂದಿನ ಸಾಲಿನಲ್ಲಿ ಸಾಹೇಬರು, ಹೆಡ್ ಮಾಸ್ತರು, ಹಿಂದೆ ಸುತ್ತಲಿನ ಶಾಲೆಗಳ ಇಪ್ಪತ್ತು ಮಾಸ್ತರರು. ದಾಂಡೇಲಿಯಿಂದ ಮದುವೆಯ ವಿಡಿಯೊ ತೆಗೆಯುವವನನ್ನು ಕರೆಸಿದ್ದೆ. ಅವನು ಮದುವೆಯ ದೀಪವನ್ನೇ ಸಗುಣಾಳ ಮುಖಕ್ಕೆ ಹಿಡಿದ. ಅವಳು ಪರದೆಗೆ ಬೆನ್ನು ಮಾಡಿ, ಜನರ ಕಡೆ ಮುಖ ಮಾಡಿ ನಿಂತಿದ್ದಳು. ಪಕ್ಕದಲ್ಲಿ ಒಂದು ಕುರ್ಚಿ. ಎರಡೂ ಜಡೆಗೆ ಹೊಸ ರಿಬ್ಬನ್ನು. ಪ್ರೊಜೆಕ್ಟರಿನ ವಾಸನೆ ಕೋಣೆಯನ್ನೆಲ್ಲ ತುಂಬಿತ್ತು.

ಹದಿಮೂರೂ ಅಪ್ಪಣೆಗಳು ಕೂದಲೆಳೆಯಷ್ಟೂ ತಪ್ಪದೆ ಆದವು. ನಡೆ ಎಂದರೆ ನಡೆದಳು, ಬಾಗಿಲು ಎಂದರೆ ಬಾಗಿಲು. ಹದಿಮೂರನೆಯದು ‘ಎದ್ದು ನಿಲ್ಲು’. ಎದ್ದು ನಿಂತಳು. ಇನ್ನು ಅವಳು ಹೋಗಿ ತನ್ನ ಜಾಗದಲ್ಲಿ ಕೂರಬೇಕು. ನಾನು ಹಾಗೆಂದು ಹೇಳುವ ಮೊದಲೇ ನನ್ನ ಬೆರಳು ಹದಿನಾಲ್ಕನೆಯ ಸ್ಲೈಡನ್ನು ಒತ್ತಿಬಿಟ್ಟಿತು. ಪರದೆಯ ಮೇಲೆ ಕೆಂಪು ಬಸ್ಸಿನ ಚಿತ್ರ. ಇಂಗ್ಲೆಂಡಿನ ಹೆಂಗಸು ಗಟ್ಟಿಯಾಗಿ ಹೇಳಿದಳು:

“ಬಸ್.”

ಸಗುಣಾ ಕೂತಳು.

ಒಂದು ಕ್ಷಣ ಯಾರಿಗೂ ಏನೂ ಹೊಳೆಯಲಿಲ್ಲ. ಆಮೇಲೆ ಹಿಂದಿನಿಂದ ಒಬ್ಬ ಮಾಸ್ತರರು ತಡೆಯಲಾರದೆ ನಕ್ಕರು. “ಸರ್, ಮರಾಠ್ಯಾಗ ಬಸ್ ಅಂದ್ರ ಕುಂದರು ಅಂತರಿ! ಆಕಿ ಕುಂತಾಳ್ರಿ!” ಸಾಹೇಬರಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಇಡೀ ಕೋಣೆ ನಕ್ಕಿತು. ನನ್ನ ಪಾಠಕ್ಕೆ ಅಷ್ಟು ಜನ ನಕ್ಕದ್ದು ನನ್ನ ನೌಕರಿಯಲ್ಲೇ ಮೊದಲು.

ನನಗೆ ಮರಾಠಿ ಬರುತ್ತದೆ. ಆಗಿದ್ದೇನೆಂದು ಕೋಣೆಯಲ್ಲಿ ಎಲ್ಲರಿಗಿಂತ ಮೊದಲು ತಿಳಿದದ್ದು ನನಗೆ. ‘ಸಗುಣಾ, ಇದು ಇಂಗ್ಲಿಷ್ ಬಸ್ಸು’ ಎಂದು ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಅವಳೂ ನಗುತ್ತಿದ್ದಳೋ ಏನೋ. ಸಾಹೇಬರು ಕೈಸನ್ನೆ ಮಾಡಿ “ಇನ್ನೊಮ್ಮೆ, ಇನ್ನೊಮ್ಮೆ” ಎಂದರು. ನಾನು ಸಗುಣಾಳಿಗೆ ಇಂಗ್ಲಿಷಿನಲ್ಲಿ “ಎದ್ದು ನಿಲ್ಲು” ಎಂದೆ. ನಿಂತಳು. ಒತ್ತಿದೆ.

“ಬಸ್.”

ಕೂತಳು. ನಗು. ನಿಲ್ಲಿಸಿದೆ, ಒತ್ತಿದೆ. ಪರದೆ ಅವಳ ಬೆನ್ನಿಗಿತ್ತು, ಬಸ್ಸು ಅವಳಿಗೆ ಕಾಣುತ್ತಿರಲಿಲ್ಲ. ಜನ ಯಾಕೆ ನಗುತ್ತಿದ್ದಾರೆಂದು ಅವಳು ತನ್ನಷ್ಟಕ್ಕೆ ಲೆಕ್ಕ ಹಾಕಿರಬೇಕು: ನಾನು ತಡ ಮಾಡುತ್ತಿದ್ದೇನೆ. ನಾಲ್ಕನೆಯ ಸಲ ಅವಳು ಇನ್ನೂ ಬೇಗ ಕೂತಳು. ಐದನೆಯ ಸಲ ಕುರ್ಚಿ ಕಿರ್ರೆಂದಿತು. ಆರನೆಯ ಸಲ ಲಂಗ ಸರಿಮಾಡಿಕೊಂಡು, ಕೈ ಕಟ್ಟಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತಳು. ತನಗೆ ಗೊತ್ತಿದ್ದ ಎಲ್ಲ ಶಿಸ್ತನ್ನೂ ಅವಳು ತೋರಿಸಿದಳು. ಜನ ಇನ್ನೂ ಹೆಚ್ಚು ನಕ್ಕರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಬೆಕ್ಕಿಗೆ ಅದು ಚೆಲ್ಲಾಟ ಎಂದು ಗೊತ್ತಿರುತ್ತದೆಯೋ ಇಲ್ಲವೋ, ನನಗೆ ಚೆನ್ನಾಗಿ ಗೊತ್ತಿತ್ತು.

ಏಳನೆಯ ಸಲ ನಿಂತವಳು ತಿರುಗಿ ಪರದೆ ನೋಡಿದಳು. ಕೆಂಪು ಬಸ್ಸು, ಅದರ ಕೆಳಗೆ ದೊಡ್ಡ ಮೂರು ಅಕ್ಷರ. ಓದಿದಳು. ತುಟಿ ಅಲುಗಿದ್ದು ನನಗೆ ಕಾಣಿಸಿತು. ಆಮೇಲೆ ನನ್ನ ಕಡೆ ನೋಡಿದಳು. ಅಳಲಿಲ್ಲ, ಮುಖ ಮುಚ್ಚಿಕೊಳ್ಳಲಿಲ್ಲ, ಸುಮ್ಮನೆ ನೋಡಿದಳು. ನಾನು ಮತ್ತೆ ಒತ್ತಿದೆ. ಹೆಂಗಸು “ಬಸ್” ಎಂದಳು. ಸಗುಣಾ ನಿಂತೇ ಇದ್ದಳು.

ಕೋಣೆ ಸ್ವಲ್ಪ ತಣ್ಣಗಾಯಿತು. ಅದನ್ನು ನನಗೆ ಸಹಿಸಲಾಗಲಿಲ್ಲ. “ಯಾಕ ಸಗುಣಾ, ಈಗ ಬಸ್ಸ ತಪ್ಪಿತೇನು?” ಎಂದೆ.

ಆವತ್ತಿನ ಎಲ್ಲಕ್ಕಿಂತ ದೊಡ್ಡ ನಗು ಬಂದದ್ದು ಆ ಮಾತಿಗೆ.

ಊಟಕ್ಕೆ ಕೂತಾಗ ಸಾಹೇಬರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. “ನಿಮ್ಮ ಸ್ಲೈಡ್ಸ್ ಎಲ್ಲಾರೂ ಮಾಡ್ತಾರ್ರಿ. ಆ ಹುಡುಗಿದ ಪ್ರಸಂಗ ಐತೆಲ್ಲ, ಅದು ಜೀವಾ. ಆ ವಿಡಿಯೊ ತುಂಡನ್ನ ನಿಮ್ಮ ಸ್ಲೈಡಿನ್ಯಾಗ ಸೇರಸ್ರಿ. ಮಾತೃಭಾಷಾ ಹೆಂಗ ಅಡ್ಡ ಬರ್ತದ ಅನ್ನೂದಕ್ಕ ಇದಕ್ಕಿಂತ ಉದಾಹರಣಿ ಬ್ಯಾರೆ ಬೇಕೇನು?”

ನನಗೂ ಬೇಕಾಗಿದ್ದು ಅಷ್ಟೇ. ಮಾತೃಭಾಷೆಯ ಅಡ್ಡಿ ಎಂಬ ದೊಡ್ಡ ಹೆಸರು ಸಿಕ್ಕಿತು, ಮನಸ್ಸಿಗೆ ಹಗುರಾಯಿತು. ಹುಬ್ಬಳ್ಳಿಯಲ್ಲಿ ಆ ತುಂಡನ್ನು ಸಿ.ಡಿ.ಗೆ ಹಾಕಿಸಿ, ಹದಿನಾಲ್ಕನೆಯ ಸ್ಲೈಡಿನಿಂದ ಬಸ್ಸಿನ ಚಿತ್ರ ತೆಗೆದು, ಅಲ್ಲಿ ಸಗುಣಾಳನ್ನು ಕೂಡಿಸಿದೆ. ಒತ್ತಿದರೆ ಕೂರುತ್ತಿದ್ದಳು, ಏಳುತ್ತಿದ್ದಳು, ಕೂರುತ್ತಿದ್ದಳು. ಅವಳು ತಿರುಗಿ ನೋಡಿದ ಭಾಗವನ್ನು ಕತ್ತರಿಸಿ ತೆಗೆಸಿದ್ದೆ. ನನ್ನ ಮಾತು ಮತ್ತು ಅದಕ್ಕೆ ಬಂದ ನಗು ಮಾತ್ರ ಇಟ್ಟುಕೊಂಡೆ.

ಶಾಲೆಯಲ್ಲಿ ಅವಳ ಹೆಸರು ಬಸ್ ಆಯಿತು. ಮಕ್ಕಳು ಅವಳ ಹಿಂದೆ ಹೋಗಿ “ಬಸ್!” ಎಂದು ಕೂಗಿ ಓಡುತ್ತಿದ್ದರು. ಒಂದು ದಿನ ಹೆಡ್ ಮಾಸ್ತರೇ ಹಾಜರಿ ಕರೆಯುವಾಗ “ಬಸ್ ಬಂದೈತೇನು?” ಎಂದರು. ಸ್ಟಾಫ್ ರೂಮಿನಲ್ಲಿ ನಾವೆಲ್ಲ ಅದನ್ನು ಹೇಳಿಕೊಂಡು ನಕ್ಕೆವು. ಚೌತಿಯ ರಜೆ ಮುಗಿದ ಮೇಲೆ ಅವಳು ಬರಲಿಲ್ಲ. ನನ್ನ ಕೋಣೆಗೆ ಹಾಲು ಬರುವುದೂ ನಿಂತಿತು. ಹಾಲು ನಿಂತದ್ದು ಮೊದಲ ದಿನವೇ ಗೊತ್ತಾಯಿತು, ಕರೀ ಚಹಾ ಕುಡಿಯಬೇಕಾಯಿತಲ್ಲ. ಹುಡುಗಿ ಶಾಲೆ ಬಿಟ್ಟಳೋ ಹೇಗೆ ಎಂದು ಕೇಳುವುದಕ್ಕೆ ನನಗೆ ಎರಡು ತಿಂಗಳು ಹಿಡಿಯಿತು. ಅದೂ ಪರೀಕ್ಷೆಯ ಅರ್ಜಿ ತುಂಬುವ ದಿನ ಬಂದು, ಲೆಕ್ಕದಲ್ಲಿ ಹೆಚ್ಚು ಅಂಕ ತೆಗೆಯುವ ಹುಡುಗಿ ಹೋದರೆ ಶಾಲೆಯ ಫಲಿತಾಂಶ ಬೀಳುತ್ತದೆಂದು ಹೆಡ್ ಮಾಸ್ತರು ನನ್ನನ್ನು ಅಟ್ಟಿದ ಮೇಲೆ.

ಭತ್ತದ ಕೊಯ್ಲಿನ ಕಾಲ. ಗದ್ದೆ ದಾಟಿ, ತೇಗದ ಕಾಡಿನಲ್ಲಿ ಒದ್ದೆ ಎಲೆ ತುಳಿಯುತ್ತ ಗೌಳಿವಾಡಾಕ್ಕೆ ನಡೆದೆ. ಹತ್ತು ಹನ್ನೆರಡು ಹುಲ್ಲಿನ ಮನೆ. ಒಂದೇ ಮಾಡಿನ ಕೆಳಗೆ ಅರ್ಧ ಎಮ್ಮೆಗಳಿಗೆ, ಅರ್ಧ ಮನುಷ್ಯರಿಗೆ. ಒಳಗೆ ತುಪ್ಪ ಕಾಸುವ ವಾಸನೆ, ಹೊಗೆ. ವಿಠೂ ನನ್ನನ್ನು ಕಂಡು ಅವಸರದಿಂದ ಕಂಬಳಿ ಹಾಸಿ, ಕೈ ತೋರಿಸಿ, “ಬಸಾ ಬಾಯಿ, ಬಸಾ” ಎಂದ. ಕೂತುಕೊಳ್ಳಿ ಎಂದು ಮರ್ಯಾದೆಯಿಂದ ಹೇಳುವ ಮಾತು ಅದು. ನಾನು ಕೂತೆ. ಅವನಿಗೆ ಏನೂ ಗೊತ್ತಿಲ್ಲ ಎಂಬುದು ಆಗ ತಿಳಿಯಿತು. ಕಾಲು ನೋವೆಂದು ಸಗುಣಾ ಮನೆಯಲ್ಲಿ ಹೇಳಿದ್ದಳಂತೆ.

ಅಪ್ಪ ಹಾಲು ಕಾಸಿಸಲು ಒಳಗೆ ಹೋದಾಗ ಅವಳು ಬಂದು ಕಂಬಕ್ಕೆ ಒರಗಿ ನಿಂತಳು.

“ಯಾಕ ಬರವಲ್ಲಿ?” ಎಂದೆ. ನನ್ನ ದನಿ ತರಗತಿಯಲ್ಲಿದ್ದ ಹಾಗೇ ಇತ್ತು.

ಅವಳು ನೆಲ ನೋಡುತ್ತಾ ಹೇಳಿದಳು. “ನಾವು ಮನ್ಯಾಗ ಆ ಕೆಂಪು ಗಾಡಿಗೆ ಯಸ್ಟಿ ಅಂತೇವ್ರಿ. ಸಾಲ್ಯಾಗ ನೀವೆಲ್ಲಾರೂ ಬಸ್ಸು ಅಂತೀರಿ. ಆ ಬಾಯಿ ಬಸ್ ಅಂದ್ಲು. ನೀವ ಹೇಳಿದ್ರಿ, ವಿಚಾರ ಮಾಡಬ್ಯಾಡ, ಹೇಳಿದಂಗ ಮಾಡು ಅಂತ.”

“ಆತು ಬಿಡು, ಅದೇನ ದೊಡ್ಡ ಮಾತು. ನಾಕ ದಿನಕ್ಕ ಮರೀತಾರ.”

“ನಾ ದಡ್ಡಿ ಅಲ್ರಿ ಬಾಯಾರ.”

“ಯಾರಂದ್ರು ದಡ್ಡಿ ಅಂತ?”

ಅವಳು ಕಂಬ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. “ನನ್ನ ಅದರಾಗ ಹಾಕೀರಂತ. ತಟ್ಟೀಹಳ್ಳದ ಕಡೆ ಸಾಲ್ಯಾಗೂ ತೋರಿಸೀರಂತ. ಹಾಲ ಹಾಕಾಕ ಹೋದಲ್ಲಿ ಅಂದ್ರು. ಅದರಾಗಿಂದ ನನ್ನ ತಗೀರಿ. ತಗದ್ರ ಬರ್ತೇನಿ. ನನಗ ಪರೀಕ್ಷಾ ಬರೀಬೇಕ್ರಿ.”

“ತಗೀತೇನಿ” ಎಂದೆ.

“ಆಣಿ ಮಾಡ್ರಿ.”

“ನನ್ನ ಮಗಳ ಆಣಿ.”

ಮಗಳ ಹೆಸರು ಯಾಕೆ ಬಾಯಿಗೆ ಬಂತೋ. ಅಷ್ಟರಲ್ಲಿ ವಿಠೂ ಹಿತ್ತಾಳೆಯ ಲೋಟದಲ್ಲಿ ಹಾಲು ತಂದ, ಮೇಲೆ ಬೆರಳು ದಪ್ಪದ ಕೆನೆ. ಕುಡಿದು ಬಂದೆ.

ಮರುದಿನವೇ ಸಗುಣಾ ಶಾಲೆಗೆ ಬಂದಳು, ಅರ್ಜಿ ತುಂಬಿದಳು. ಆ ಚಳಿಗಾಲದಲ್ಲಿ ನಾನು ಅವಳಿಗೆ ನಿಜವಾಗಿ ಪಾಠ ಹೇಳಿದೆ. ಇದನ್ನೂ ಹೇಳಬೇಕು, ಇಲ್ಲದಿದ್ದರೆ ಲೆಕ್ಕ ಸರಿಹೋಗುವುದಿಲ್ಲ. ಬೆಳಿಗ್ಗೆ ಏಳಕ್ಕೆ ಹಾಲು ಹಾಕಿ ನನ್ನ ಕೋಣೆಯಲ್ಲೇ ಕೂರುತ್ತಿದ್ದಳು. ಕಂಪ್ಯೂಟರಿಲ್ಲ, ಸ್ಲೈಡಿಲ್ಲ, ಹಳೆಯ ಪಾಟಿ, ಬಳಪ. ಮರಾಠಿಯಲ್ಲೇ ಅರ್ಥ ಹೇಳಿದೆ. ಎಷ್ಟು ಬೇಗ ಹಿಡಿದುಕೊಂಡಳೆಂದರೆ ನನಗೇ ನಾಚಿಕೆಯಾಯಿತು. ಮೂರು ವರ್ಷ ಅವಳಿಗೆ ಕಲ್ಲು ಹೊರಿಸಿದವಳು ನಾನೇ. ಫೆಬ್ರುವರಿಯ ಹೊತ್ತಿಗೆ ರಜೆಯ ಅರ್ಜಿ, ಗೆಳತಿಗೆ ಪತ್ರ, ಹದಿನೈದು ಸಾಲಿನ ಪ್ರಬಂಧ, ಎಲ್ಲವನ್ನೂ ತಪ್ಪಿಲ್ಲದೆ ಬರೆಯುತ್ತಿದ್ದಳು. ಒಂದು ದಿನ ನಾನು ತಪ್ಪು ಬರೆದಿದ್ದ ಒಂದು ಸ್ಪೆಲ್ಲಿಂಗನ್ನು ಅವಳು ತೋರಿಸಿದಳು. ಇಬ್ಬರೂ ನಕ್ಕೆವು. ಅವಳ ಮೇಲೆ ನನಗೆ ಪ್ರೀತಿ ಹುಟ್ಟಿತ್ತು, ಅದು ಸುಳ್ಳಲ್ಲ.

ಆದರೆ ಅದೇ ಚಳಿಗಾಲದಲ್ಲಿ ದಾಂಡೇಲಿಯಲ್ಲಿ ಎರಡು ದಿನ, ಜೊಯಿಡಾದಲ್ಲಿ ಒಂದು ದಿನ, ಮುಂಡಗೋಡದಲ್ಲಿ ಎರಡು ದಿನ, ಹಳಿಯಾಳದಲ್ಲಿ ಒಂದು ವಾರ ಮಾಸ್ತರರಿಗೆ ತರಬೇತಿ ಕೊಟ್ಟೆ. ಪ್ರತಿ ಸಲವೂ ಹದಿನಾಲ್ಕನೆಯ ಸ್ಲೈಡು ತೋರಿಸಿದೆ. ಬೆಳಿಗ್ಗೆ ಅವಳಿಗೆ ಪಾಠ ಹೇಳಿ, ಹನ್ನೆರಡು ಗಂಟೆಗೆ ಅವಳನ್ನು ತೋರಿಸಿದ ದಿನವೂ ಇದೆ. ಮೊದಲ ಸಲ ಮನಸ್ಸು ಚುಚ್ಚಿತು. ಆಮೇಲೆ ದಾರಿ ಕಂಡುಕೊಂಡೆ. ಮುಂಡಗೋಡದವರಿಗೆ ಸಗುಣಾ ಯಾರೆಂದು ಏನು ಗೊತ್ತು? ಧಾರವಾಡದ ಆದೇಶ ಕೈಗೆ ಬರಲಿ, ಆವತ್ತೇ ತೆಗೆದುಬಿಡುತ್ತೇನೆ. ಊಟದ ಮುಂಚಿನ ಆ ಹೊತ್ತಿನಲ್ಲಿ ಮಾಸ್ತರರಿಗೆ ತೂಕಡಿಕೆ ಬರುತ್ತದೆ, ಅವರನ್ನು ಎಬ್ಬಿಸಲು ಬೇರೆ ಏನಿದೆ ನನ್ನ ಹತ್ತಿರ? ನಿಜ ಹೇಳಬೇಕೆಂದರೆ, ಉಳಿದ ಹತ್ತೊಂಬತ್ತು ಸ್ಲೈಡುಗಳಿಗೆ ಯಾರೂ ತಲೆಯೆತ್ತುತ್ತಿರಲಿಲ್ಲ.

ಪರೀಕ್ಷಾ ಕೇಂದ್ರ ಹಳಿಯಾಳದಲ್ಲಿತ್ತು. ಬಿಸಿಲು ಆಗಲೇ ಸುಡುತ್ತಿತ್ತು. ಕನ್ನಡ ಚೆನ್ನಾಗಿ ಬರೆದಳು, ಲೆಕ್ಕ ಇನ್ನೂ ಚೆನ್ನಾಗಿ. ಇಂಗ್ಲಿಷಿನ ಹಿಂದಿನ ದಿನ ನನ್ನ ಕೋಣೆಗೆ ಬಂದು ಕಾಲಿಗೆ ಬಿದ್ದು ಹೋದಳು. “ಬಾಯಾರ, ನಾಳೆ ಒಂದ ದಾಟಿದ್ನೆಂದ್ರ ಮುಗೀತ್ರಿ. ಅಪ್ಪ ನರ್ಸ್ ಫಾರ್ಮ್ ತರ್ತೇನಿ ಅಂದಾನ” ಎಂದಳು.

ಮರುದಿನ ನಡೆದದ್ದನ್ನು ನನಗೆ ಹೇಳಿದ್ದು ಅವಳ ಹಿಂದಿನ ಬೆಂಚಿನಲ್ಲಿ ಕೂತಿದ್ದ ನಮ್ಮದೇ ಶಾಲೆಯ ಹುಡುಗಿ. ಕೋಣೆಯ ಮೇಲ್ವಿಚಾರಣೆಗೆ ಬಂದ ಮಾಸ್ತರರು ಬಾಗಿಲಲ್ಲೇ ಸಗುಣಾಳನ್ನು ಕಂಡು ನಿಂತರಂತೆ. ಅವರು ಹಳಿಯಾಳದ ತರಬೇತಿಗೆ ಬಂದು, ಮುಂದಿನ ಸಾಲಿನಲ್ಲಿ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕವರು; ನನಗೆ ಗುರುತಿದೆ. ಕೆಟ್ಟ ಮನುಷ್ಯ ಅಲ್ಲ. ಪರೀಕ್ಷೆಯ ಹೆದರಿಕೆಯಲ್ಲಿದ್ದ ಮಕ್ಕಳನ್ನು ಸ್ವಲ್ಪ ನಗಿಸೋಣ ಎಂದುಕೊಂಡಿರಬೇಕು.

“ಏ, ನೀ ಇಂಗ್ಲೀಷ ಬಾಯಾರ ಸಿ.ಡಿ.ಯಾಗಿನ ಹುಡುಗಿ ಅಲ್ಲ?” ಎಂದರಂತೆ. ಮಾಸ್ತರರು ಬಂದರೆಂದು ಮಕ್ಕಳೆಲ್ಲ ಎದ್ದು ನಿಂತಿದ್ದರು. ಅವರು ಕೈಯೆತ್ತಿ, ಆ ಇಂಗ್ಲೆಂಡಿನ ಹೆಂಗಸಿನ ದನಿಯನ್ನೇ ಮಾಡಿ, “ಬಸ್” ಎಂದರಂತೆ.

ಮರಾಠಿ ಬಲ್ಲ ಮಕ್ಕಳೆಲ್ಲ ಕೂತರು, ಉಳಿದವರು ಅವರನ್ನು ನೋಡಿ ಕೂತರು. ಸಗುಣಾ ಕೂರಲಿಲ್ಲ. ಗಂಟೆ ಹೊಡೆಯಿತು. ಪ್ರಶ್ನೆಪತ್ರಿಕೆ ಹಂಚಿದರು, ಅವಳ ಡೆಸ್ಕಿನ ಮೇಲೂ ಇಟ್ಟರು. ಅವಳು ನಿಂತೇ ಇದ್ದಳು. ಮಾಸ್ತರರಿಗೆ ಆಗ ಗಾಬರಿಯಾಗಿ, “ಆತವಾ, ಕುಂದರು, ಚ್ಯಾಷ್ಟಿ ಮಾಡಿದೆ” ಎಂದರಂತೆ. ಕನ್ನಡದಲ್ಲೇ ಹೇಳಿದರು. ಅವಳು ಪೆನ್ನಿಗೆ ಟೊಪ್ಪಿಗೆ ಹಾಕಿ, ಪ್ರಶ್ನೆಪತ್ರಿಕೆಯನ್ನು ಮಡಿಸದೆ ಹಾಗೆಯೇ ಬಿಟ್ಟು, ಹೊರಗೆ ಹೋದಳು. ಪ್ರಶ್ನೆಪತ್ರಿಕೆಯಲ್ಲಿ ಗೆಳತಿಗೆ ಪತ್ರ ಬರೆಯುವ ಪ್ರಶ್ನೆ ಬಂದಿತ್ತು.

ಆ ಹೊತ್ತಿಗೆ ನಾನು ದಾಂಡೇಲಿಯಲ್ಲಿದ್ದೆ. ಯಾವುದಕ್ಕೆಂದು ಹೇಳಬೇಕಾಗಿಲ್ಲ.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಐದು ವಿಷಯದಲ್ಲಿ ಪಾಸು, ಲೆಕ್ಕದಲ್ಲಿ ಇಡೀ ಶಾಲೆಗೇ ಹೆಚ್ಚು. ಇಂಗ್ಲಿಷಿನ ಮುಂದೆ ಗೈರುಹಾಜರು. ಅದೇ ವಾರ ನನ್ನ ಧಾರವಾಡದ ಆದೇಶವೂ ಬಂತು. ಗಂಟುಮೂಟೆ ಕಟ್ಟಿ, ಬಸ್ಸು ಹತ್ತುವ ಹಿಂದಿನ ದಿನ ಗೌಳಿವಾಡಾಕ್ಕೆ ಹೋದೆ. ವಿಠೂ ಈ ಸಲವೂ ಕಂಬಳಿ ಹಾಸಿ ಕೂಡಿಸಿದ. ಸಿಟ್ಟಿಲ್ಲ, ಬೇಸರದ ಮಾತಿಲ್ಲ. “ಆಕಿ ಅಂಜಿ ಎದ್ದ ಬಂದ್ಲು ಬಾಯಾರ. ನೀವರೆ ಎಷ್ಟ ಕಷ್ಟಾ ಪಟ್ರಿ. ಆಕೀ ನಸೀಬ ಅದು. ಮುಂಡಗೋಡದ ಕಡಿ ಹುಡುಗನ್ನ ನೋಡೇವಿ” ಎಂದ. ಮಗಳು ಅಪ್ಪನಿಗೆ ಆಗಲೂ ಏನೂ ಹೇಳಿರಲಿಲ್ಲ.

ಸಗುಣಾ ಹಿಂದೆ ಎಮ್ಮೆ ತೊಳೆಯುತ್ತಿದ್ದಳು. ಹತ್ತಿರ ಹೋಗಿ, “ಜೂನದಾಗ ಮತ್ತ ಪರೀಕ್ಷಾ ಐತಿ. ಇಂಗ್ಲೀಷ ಒಂದ ಬರೀಬೇಕು. ನೀ ಕಣ್ಣ ಮುಚ್ಚಿ ಬರದ್ರೂ ಪಾಸಾಗ್ತಿ” ಎಂದೆ. ಅಪ್ಪನಿಗೆ ನಾನೇ ಹೇಳುತ್ತೇನೆ ಎಂದೆ.

ಅವಳು ಎಮ್ಮೆಯ ಬೆನ್ನಿಗೆ ಹುಲ್ಲು ಉಜ್ಜುತ್ತಲೇ ಕೇಳಿದಳು. “ಬಾಯಾರ, ತಗದ್ರೇನ್ರಿ ನನ್ನ ಅದರಾಗಿಂದ?”

ಸಿ.ಡಿ. ನನ್ನ ಹೆಗಲ ಚೀಲದಲ್ಲೇ ಇತ್ತು. ಧಾರವಾಡಕ್ಕೆ ಒಯ್ಯುವ ಸಾಮಾನಿನಲ್ಲಿ ಅದೊಂದನ್ನು ಮಾತ್ರ ನಾನು ಟ್ರಂಕಿಗೆ ಹಾಕಿರಲಿಲ್ಲ, ಮುರಿದೀತೆಂದು.

“ತಗದೆ. ಆವತ್ತ ತಗದೆ” ಎಂದೆ.

“ಹಂಗಾರ ಆ ಮಾಸ್ತರಗ ನನ್ನ ಗುರ್ತ ಹೆಂಗ ಸಿಕ್ತು?”

ಕುಹಕ ಇರಲಿಲ್ಲ ಅವಳ ದನಿಯಲ್ಲಿ. ಅರ್ಥವಾಗದ ಶಬ್ದವನ್ನು ಹೊಸ್ತಿಲಲ್ಲಿ ನಿಂತು ಕೇಳುತ್ತಿದ್ದಂತೆಯೇ ಕೇಳಿದಳು. ನಾನು ಹೆಗಲ ಚೀಲವನ್ನು ಹಿಂದಕ್ಕೆ ಸರಿಸಿಕೊಂಡೆ. ಅವಳು ಬಕೆಟ್ ಎತ್ತಿಕೊಂಡು ಇನ್ನೊಂದು ಎಮ್ಮೆಯ ಕಡೆ ಹೋದಳು. ಜೂನ್ ಪರೀಕ್ಷೆಗೆ ಅವಳು ಕೂರಲಿಲ್ಲ.

ಗೌಳಿವಾಡಾದಿಂದ ಬಂದ ಮುಂದಿನ ಸೋಮವಾರ ಧಾರವಾಡದಲ್ಲಿ ನನ್ನ ಮೊದಲ ತರಬೇತಿ. ಬೇರೆ ಬೇರೆ ಜಿಲ್ಲೆಗಳಿಂದ ಬಂದ ಮಾಸ್ತರರು, ಹೊಸ ಪ್ರೊಜೆಕ್ಟರ್, ತಣ್ಣನೆಯ ದೊಡ್ಡ ಹಾಲ್. ಊಟಕ್ಕೆ ಮುಂಚೆ ಹದಿನಾಲ್ಕನೆಯ ಸ್ಲೈಡು ಹಾಕಿದೆ. ಹಳಿಯಾಳದವರಿಗಿಂತ ಇವರೇ ಹೆಚ್ಚು ನಕ್ಕರು. ನಗು ಇಳಿದ ಮೇಲೆ ಹಿಂದಿನ ಸಾಲಿನಿಂದ ವಯಸ್ಸಾದ ಬಾಯಾರೊಬ್ಬರು ಎದ್ದು, “ಪಾಪ, ಆ ಹುಡುಗಿ ಈಗ ಏನ ಮಾಡ್ತಾಳ್ರಿ?” ಎಂದು ಕೇಳಿದರು.

“ನರ್ಸ್ ಟ್ರೇನಿಂಗ್ ಮಾಡಾಕತ್ತಾಳ್ರಿ” ಎಂದೆ.

ಇಡೀ ಹಾಲ್ ಚಪ್ಪಾಳೆ ತಟ್ಟಿತು.